ಮಗುವಿನ ಮಿಸುಕಾಟ ಎಣಿಸೋ ಆ್ಯಪ್‌ಗಳು: ಒಂದೊಂದರ ಲೆಕ್ಕ ಒಂದೊಂದು ಥರ, ತಾಯಂದಿರಿಗೆ ಯಾವುದು ಹೇಳೋದು?

ಉಪಕೇಂದ್ರ_ದಕ್ಷಿಣಕೊಡಗು (ಪ್ರಶ್ನೆ)

ನಾನು ಪೊನ್ನಂಪೇಟೆ ಕಡೆಯ ಒಂದು ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ, ಅಂದ್ರೆ ಸಿಎಚ್‌ಒ. ವ್ಯಾಪ್ತಿಯಲ್ಲಿ ತೋಟದ ಕೆಲಸದವರು ಇರೋ ಸಾಲು ಮನೆಗಳೇ (ಲೈನ್ ಮನೆ) ಜಾಸ್ತಿ, ಜೊತೆಗೆ ಎರಡು ಹಾಡಿ, ಅಂದ್ರೆ ಆದಿವಾಸಿಗಳ ಊರು. ಏಳನೇ ತಿಂಗಳಿಗೆ ಬಿದ್ದ ಮೇಲೆ ಮಗು ಮಿಸುಕಾಡೋದನ್ನ ದಿನಾ ಗಮನಿಸಿ ಅಂತ ಎಲ್ಲರಿಗೂ ಹೇಳ್ತೇವೆ. ಈಚೆಗೆ ಫೋನ್ ಇರೋರು ತಾವಾಗೇ ಆ್ಯಪ್ ಹಾಕ್ಕೊಂಡು, ತಪಾಸಣೆಗೆ ಬಂದಾಗ ತಾಯಿ ಕಾರ್ಡ್ ಜೊತೆ ಫೋನನ್ನೂ ಮುಂದೆ ಹಿಡೀತಾರೆ.

ಗೊಂದಲ ಶುರುವಾಗೋದು ಅಲ್ಲೇ. ಒಂದು ಆ್ಯಪ್ 2 ಗಂಟೆಯಲ್ಲಿ 10 ಆಗಬೇಕು ಅನ್ನುತ್ತೆ. ಇನ್ನೊಂದು ಒಂದು ಗಂಟೆಗೇ ಲೆಕ್ಕ ಮುಚ್ಚುತ್ತೆ. ಮತ್ತೊಂದು ಬೆಳಿಗ್ಗೆಯಿಂದ 12 ಗಂಟೆ ಓಡ್ತಾನೇ ಇರುತ್ತೆ. ಆಸ್ಪತ್ರೆಯಲ್ಲಿ ಡಾಕ್ಟರ್ ಚೀಟಿಯಲ್ಲಿ ಬರೆಯೋದು ಮೂರು ಹೊತ್ತು ಊಟ ಆದ ಮೇಲೆ ಒಂದೊಂದು ಗಂಟೆ. ಅಷ್ಟೇ ಅಲ್ಲ, ಅದೇ ಮಿಸುಕಾಟಕ್ಕೆ ಒಂದು ಆ್ಯಪ್‌ನಲ್ಲಿ 10 ಅಂತ ಬಿದ್ದರೆ ಇನ್ನೊಂದರಲ್ಲಿ 3 ಅಂತ ಬೀಳುತ್ತೆ.

ಎಲ್ಲರಿಗೂ ಒಂದೇ ಮಾತು ಹೇಳಬೇಕು ಅಂದ್ರೆ ಯಾವುದು? ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟೂ ಇರಲ್ಲ, ರೇಂಜೂ ಇರಲ್ಲ, ಆಗ ಆ್ಯಪ್ ಗತಿ ಏನು? ಲೈನ್ ಮನೆಗಳಲ್ಲಿ ಹಗಲು ಫೋನ್ ಗಂಡನ ಜೇಬಲ್ಲಿ ಇರುತ್ತೆ, ಅವರಿಗೇನು ಹೇಳೋದು? ಫೋನನ್ನ ಹೊಟ್ಟೆಗೆ ಒತ್ತಿ ಹಿಡಿದರೆ ಮಗುವಿನ ಹೃದಯ ಬಡಿತ ಕೇಳಿಸುತ್ತೆ ಅನ್ನೋ ಆ್ಯಪ್‌ಗಳೂ ಬಂದಿವೆ, ಅದನ್ನ ನಂಬಿ ಕೂತವರಿಗೆ ಹೇಗೆ ತಿಳಿಹೇಳೋದು?

---

ಹೆರಿಗೆವಾರ್ಡ್_ಸಿಸ್ಟರ್

ಮೇಡಂ, ಮೊದಲು ಎಣಿಸೋ ಕ್ರಮ ಸರಿ ಮಾಡ್ಸಿ. ಆ್ಯಪ್ ಯಾವುದೇ ಇರಲಿ, ಕ್ರಮ ತಪ್ಪಿದರೆ ಬರೋ ಅಂಕಿ ಕೆಲಸಕ್ಕೆ ಬರಲ್ಲ.

28 ವಾರದಿಂದ ಶುರು, ಅಂದರೆ ಆರೂವರೆ ತಿಂಗಳ ಸುಮಾರಿಗೆ. ಅದಕ್ಕೂ ಮೊದಲು ಮಿಸುಕಾಟಕ್ಕೆ ಒಂದು ಹದ ಬಂದಿರಲ್ಲ, ಎಣಿಸಿದರೆ ಗಾಬರಿ ಮಾತ್ರ. ಆದರೆ 24 ವಾರ ಆದ್ರೂ ಒಮ್ಮೆಯೂ ಗೊತ್ತಾಗಿಲ್ಲ ಅಂದ್ರೆ ಕಾಯದೆ ಡಾಕ್ಟರಿಗೆ ತೋರಿಸಬೇಕು. ಆ್ಯಪ್‌ಗೆ ದಿನಾಂಕ ಹಾಕುವಾಗ ತುಂಬ ಜನ ತಪ್ಪು ಮಾಡ್ತಾರೆ: ಹೆರಿಗೆ ದಿನ ಕೇಳಿದ ಜಾಗಕ್ಕೆ ಕೊನೆ ಮುಟ್ಟಿನ ದಿನ ಹಾಕ್ತಾರೆ. ತಾಯಿ ಕಾರ್ಡಿನಲ್ಲಿ ಎರಡೂ ಇರುತ್ತೆ, ನೋಡ್ಕೊಂಡು ಹಾಕ್ಸಿ. ಮೊದಲ ಮೂರು ತಿಂಗಳ ಸ್ಕ್ಯಾನ್ ನೋಡಿ ಡಾಕ್ಟರ್ ದಿನಾಂಕ ತಿದ್ದಿದ್ದರೆ ತಿದ್ದಿದ್ದನ್ನೇ ಹಾಕಬೇಕು.

ದಿನಕ್ಕೊಮ್ಮೆ, ಸುಮಾರು ಅದೇ ಹೊತ್ತಿಗೆ, ಮಗು ಸಾಮಾನ್ಯವಾಗಿ ಚುರುಕಾಗಿರೋ ಸಮಯದಲ್ಲಿ. ಹೆಚ್ಚಿನ ಮಕ್ಕಳು ಮಧ್ಯಾಹ್ನದಿಂದ ಸಂಜೆಗೆ ಚುರುಕು. ಏನಾದ್ರೂ ತಿಂದು, ಮೂತ್ರ ಮಾಡಿ ಬಂದು, ಎಡ ಮಗ್ಗುಲಿಗೆ ಮಲಗಲಿ, ಇಲ್ಲ ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂರಲಿ. ಅಂಗಾತ ಬೇಡ, ಆ ತಿಂಗಳಲ್ಲಿ ನಿದ್ದೆಗೂ ಅಂಗಾತ ಮಲಗೋದು ಒಳ್ಳೇದಲ್ಲ. ಟಿವಿ ಬಂದ್, ಫೋನ್ ಸೈಲೆಂಟ್. ಅಡುಗೆ ಮಾಡ್ತಾ, ಕಾಫಿ ಕೊಯ್ತಾ ಎಣಿಸಿದ್ದು ಲೆಕ್ಕವಲ್ಲ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ನಿಂತೇ ಇರೋರಿಗೆ ಮಿಸುಕಾಟ ಆಗಿದ್ದೇ ಗೊತ್ತಾಗಿರಲ್ಲ.

ಎಣಿಸಬೇಕಾದ್ದು: ಒದೆತ, ಗುದ್ದು, ಹೊರಳಾಟ, ಒಳಗೆ ಸರಿದಾಡಿದ ಹಾಗಾಗೋದು. ಒಂದು ಉದ್ದ ಹೊರಳಾಟ ಅಂದ್ರೆ ಒಂದೇ. ಬಿಕ್ಕಳಿಕೆ ಎಣಿಸಬಾರದು. ಅದು ಟಕ್ ಟಕ್ ಅಂತ ಒಂದೇ ತಾಳದಲ್ಲಿ ಕೆಲವು ನಿಮಿಷ ಬರುತ್ತೆ, ಒಂದೇ ಜಾಗದಲ್ಲಿ. ಅದನ್ನ ಒತ್ತಿದ್ರೆ ಎರಡು ನಿಮಿಷಕ್ಕೆ 10 ಮುಗಿದು ಆ್ಯಪ್ ಹಸಿರು ಟಿಕ್ ಹಾಕಿ ಸುಮ್ಮನಾಗುತ್ತೆ. ಹೊಟ್ಟೆ ಗಟ್ಟಿಯಾಗಿ ಸಡಿಲಾಗೋದೂ ಮಿಸುಕಾಟ ಅಲ್ಲ.

ಇನ್ನೊಂದು, ಇದನ್ನ ಯಾರೂ ನೋಡಲ್ಲ. ಕೆಲವು ಆ್ಯಪ್‌ನಲ್ಲಿ ಗಡಿಯಾರ ಓಡೋಕೆ ಶುರುವಾಗೋದು ಮೊದಲ ಒದೆತ ಒತ್ತಿದಾಗ. ಅಲ್ಲಿಗೆ, ಮಲಗಿ ಮುಕ್ಕಾಲು ಗಂಟೆ ಮಗು ಅಲ್ಲಾಡದೆ ಇದ್ದು, ಆಮೇಲೆ 20 ನಿಮಿಷಕ್ಕೆ 10 ಆದ್ರೆ ಆ್ಯಪ್‌ನಲ್ಲಿ ಬೀಳೋದು 20 ನಿಮಿಷ ಅಂತ ಮಾತ್ರ. ಸುಮ್ಮನಿದ್ದ ಮುಕ್ಕಾಲು ಗಂಟೆ ಎಲ್ಲೂ ಇಲ್ಲ. ಆದ್ದರಿಂದ ಮಲಗಿದ ಹೊತ್ತನ್ನ ಗೋಡೆ ಗಡಿಯಾರ ನೋಡಿ ಬೇರೆ ಬರೆದಿಟ್ಟುಕೊಳ್ಳೋಕೆ ಹೇಳಿ.

---

ಪ್ರಸೂತಿ_ತಜ್ಞೆ_ಮಡಿಕೇರಿ

ಬೇರೆ ಬೇರೆ ಲೆಕ್ಕ ಎಲ್ಲಿಂದ ಬಂತು ಅಂತ ತಿಳಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. 12 ಗಂಟೆಗೆ 10 ಎನ್ನುವುದು 1976ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಬಂದ ಪಟ್ಟಿ. 2 ಗಂಟೆಗೆ 10 ಎನ್ನುವುದು 1989ರಲ್ಲಿ ಅಮೆರಿಕದಿಂದ ಬಂದದ್ದು; ಈಗಿನ ಹೆಚ್ಚಿನ ಆ್ಯಪ್‌ಗಳ ಒಳಗಿರುವುದು ಇದೇ. ಊಟದ ನಂತರ ಮೂರು ಹೊತ್ತು ಒಂದೊಂದು ಗಂಟೆ ಎಣಿಸಿ, ಒಟ್ಟು ಬಂದದ್ದನ್ನು ನಾಲ್ಕರಿಂದ ಗುಣಿಸಿ 12 ಗಂಟೆಯ ಲೆಕ್ಕ ಮಾಡುವುದು ನಮ್ಮ ದೇಶದ ಪಠ್ಯಪುಸ್ತಕಗಳ ರೂಢಿ. ಒಂದಕ್ಕೊಂದು ವಿರುದ್ಧವೇನೂ ಅಲ್ಲ, ಆದರೆ ಒಂದರ ಅಂಕಿಯನ್ನು ಇನ್ನೊಂದರ ಗೆರೆಗೆ ಹೋಲಿಸಬಾರದು. ಅಪಾಯ ಅಲ್ಲಿದೆ.

ನಾನಾದರೆ ಸಿಎಚ್‌ಒ ಮಟ್ಟದಲ್ಲಿ ಒಂದನ್ನೇ ಕಲಿಸುತ್ತೇನೆ: ದಿನಕ್ಕೊಮ್ಮೆ ಮಲಗಿ 10 ಆಗಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆಯುವುದು. ಆರೋಗ್ಯವಂತ ಮಗುವಿಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮಗು 20ರಿಂದ 40 ನಿಮಿಷ ನಿದ್ದೆ ಮಾಡುವುದು ಸಹಜ, 90 ನಿಮಿಷ ದಾಟುವುದು ಅಪರೂಪ. 2 ಗಂಟೆಯ ಗೆರೆಗೆ ಅರ್ಥ ಬರುವುದು ಇದರಿಂದಲೇ. ಆದರೆ ಆ ಗೆರೆಯನ್ನು ಪಾಸು-ಫೇಲಿನ ಗೆರೆ ಮಾಡಬೇಡಿ. ದಿನಾ 15-20 ನಿಮಿಷಕ್ಕೆ ಮುಗಿಯುತ್ತಿದ್ದುದು ಇವತ್ತು ಒಂದೂವರೆ ಗಂಟೆ ಹಿಡಿಯಿತು ಎಂದರೆ 2 ಗಂಟೆ ಆಗಿಲ್ಲವಲ್ಲ ಎಂದು ಕೂರುವ ಹಾಗಿಲ್ಲ. 10 ಆಯಿತು, ಆದರೆ ಒದೆತದಲ್ಲಿ ಮೊದಲಿನ ಬಲವಿಲ್ಲ ಎಂದು ತಾಯಿಗೆ ಅನ್ನಿಸಿದರೂ ಬರಲಿ.

ಇನ್ನು ಆ್ಯಪ್‌ನಿಂದ ಎಷ್ಟು ಉಪಯೋಗ ಎಂಬ ಪ್ರಶ್ನೆ. ಆಸೆ ಹುಟ್ಟಿಸುವ ಮಾತು ನಾನು ಹೇಳುವುದಿಲ್ಲ. 1989ರಲ್ಲೇ ಸುಮಾರು 68,000 ಗರ್ಭಿಣಿಯರ ದೊಡ್ಡ ಅಧ್ಯಯನದಲ್ಲಿ, ಕ್ರಮವಾಗಿ ಎಣಿಸಿದ್ದರಿಂದ ಹೊಟ್ಟೆಯಲ್ಲೇ ಮಗು ಸಾಯುವುದು ಕಡಿಮೆಯಾಗಲಿಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್-ಐರ್ಲೆಂಡ್‌ನ ಅಫರ್ಮ್ ಅಧ್ಯಯನದಲ್ಲಿ 4 ಲಕ್ಷಕ್ಕೂ ಹೆಚ್ಚು ಗರ್ಭಿಣಿಯರಿದ್ದರು. ತಾಯಂದಿರಿಗೆ ತಿಳಿವಳಿಕೆ ಕೊಟ್ಟು ಆಸ್ಪತ್ರೆಗಳಿಗೂ ಒಂದೇ ಕ್ರಮ ಹಾಕಿಕೊಟ್ಟರೂ ಸಾವಿನ ಪ್ರಮಾಣದಲ್ಲಿ ಖಚಿತ ಇಳಿಕೆ ಕಾಣಲಿಲ್ಲ, ನೋವು ಬರಿಸುವ ಹೆರಿಗೆ ಮತ್ತು ಸಿಸೇರಿಯನ್ ಹೆಚ್ಚಿದವು. ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನಲ್ಲಿ ಆ್ಯಪ್ ಇಟ್ಟುಕೊಂಡೇ ನಡೆಸಿದ 'ಮೈ ಬೇಬೀಸ್ ಮೂವ್‌ಮೆಂಟ್ಸ್' ಪ್ರಯೋಗದಲ್ಲೂ ಸ್ಪಷ್ಟ ಇಳಿಕೆ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ದಿನಾ ಎಣಿಸುವ ಪಟ್ಟಿಯನ್ನು ಎಲ್ಲರಿಗೂ ಕಡ್ಡಾಯ ಮಾಡಿಲ್ಲ, ಸಂಶೋಧನೆಯ ಚೌಕಟ್ಟಿಗೆ ಮಾತ್ರ ಎಂದಿದೆ.

ಹಾಗಾದರೆ ಬಿಟ್ಟುಬಿಡುವುದೇ? ಇಲ್ಲ. ಮಿಸುಕಾಟ ಕಡಿಮೆಯಾದದ್ದನ್ನು ಗಮನಿಸಿ ಬರುವ ತಾಯಿ ಯಾವತ್ತೂ ಮುಖ್ಯ. ಎಣಿಕೆ ಆ ಗಮನಕ್ಕೆ ಒಂದು ಊರುಗೋಲು ಅಷ್ಟೇ. ಬಿಪಿ, ಸಕ್ಕರೆ, ಮಗುವಿನ ಬೆಳವಣಿಗೆ ಕಡಿಮೆ, ಹಿಂದೆ ಹೊಟ್ಟೆಯಲ್ಲೇ ಮಗು ಹೋದದ್ದು, ಇಂಥವರಿಗೆ ದಿನಾ ಬರೆಯಲು ಹೇಳುತ್ತೇನೆ. ತೊಂದರೆಯಿಲ್ಲದ, ಆದರೆ ಸ್ವಭಾವತಃ ಹೆದರುವ ಹೆಂಗಸಿಗೆ ಮೂರು ಹೊತ್ತು ಆ್ಯಪ್ ಒತ್ತಿಸಿ ನಿದ್ದೆ ಕೆಡಿಸುವುದರಲ್ಲಿ ಲಾಭ ಕಾಣುವುದಿಲ್ಲ.

ಮನೆಯ ಹಿರಿಯರು ಹೇಳುವ ಎರಡು ಮಾತನ್ನು ಮಾತ್ರ ಗಟ್ಟಿಯಾಗಿ ತಳ್ಳಿಹಾಕಿ. 'ತಿಂಗಳು ತುಂಬಿದ ಮೇಲೆ ಜಾಗ ಸಾಲದೆ ಮಗು ಸುಮ್ಮನಾಗುತ್ತೆ' ಎನ್ನುವುದು ಸುಳ್ಳು. ಸುಮಾರು 32 ವಾರದವರೆಗೆ ಹೆಚ್ಚಿ ಆಮೇಲೆ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ರೀತಿ ಬದಲಾಗಬಹುದು, ಒದೆತ ಕಡಿಮೆಯಾಗಿ ಹೊರಳಾಟ ಹೆಚ್ಚಬಹುದು, ಒಟ್ಟು ಕಡಿಮೆಯಾಗಬಾರದು. ಎರಡನೆಯದು, ತಣ್ಣೀರು ಕುಡಿ, ಬೆಲ್ಲ ತಿನ್ನು, ಎದ್ದೀತು ಎನ್ನುವುದು. ಕುಡಿಯಲಿ, ತಿನ್ನಲಿ, ಆದರೆ ಅದನ್ನು ಪರೀಕ್ಷೆ ಎಂದುಕೊಂಡು ಹೊತ್ತು ಕಳೆಯಬಾರದು.

ಹೃದಯ ಬಡಿತದ ಆ್ಯಪ್: ಫೋನಿನ ಮೈಕ್ ಮಾತು ಹಿಡಿಯಲು ಮಾಡಿದ್ದು. ಅದರಲ್ಲಿ ಕೇಳುವುದು ಹೆಚ್ಚಾಗಿ ಗುಡುಗುಡು ಸದ್ದು, ಇಲ್ಲವೇ ತಾಯಿಯದೇ ನಾಡಿ. ಮನೆಗೆ ತರಿಸಿಕೊಳ್ಳುವ ಚಿಕ್ಕ ಡಾಪ್ಲರ್ (ಹೊಟ್ಟೆಯ ಮೇಲಿಟ್ಟು ಮಗುವಿನ ಬಡಿತ ಕೇಳುವ ಯಂತ್ರ) ಕೂಡ ಬೇಡ. ಮಗುವಿನ ಬಡಿತ ನಿಮಿಷಕ್ಕೆ 110ರಿಂದ 160. ಗಾಬರಿಯಾದ ತಾಯಿಯ ನಾಡಿ 120 ಓಡಿದರೆ ಅದನ್ನೇ ಮಗುವಿನದು ಎಂದುಕೊಳ್ಳುತ್ತಾರೆ. ನಿಜವಾಗಿ ಮಗುವಿನದೇ ಸಿಕ್ಕಿತು ಎನ್ನೋಣ, ಆಗಲೂ ಮಗು ಚೆನ್ನಾಗಿದೆ ಎಂದು ಅರ್ಥವಲ್ಲ. ಉಸಿರು ಸಾಲದ ಮಗು ಮೊದಲು ಬಿಡುವುದು ಮಿಸುಕಾಟವನ್ನು, ಹೃದಯ ನಿಲ್ಲುವುದು ಕಟ್ಟಕಡೆಗೆ.

---

ಕೋಡಿಗ_ಕುಶಾಲನಗರ

ಆ್ಯಪ್ ಕಡೆಯ ಮಾತು ನಾನು ಸೇರಿಸ್ತೀನಿ.

10 ಒತ್ತಿದ್ರೆ 3 ಬೀಳೋದಕ್ಕೆ ಕಾರಣ: ಕೆಲವು ಆ್ಯಪ್‌ನಲ್ಲಿ 5 ನಿಮಿಷದೊಳಗೆ ಎಷ್ಟು ಸಲ ಒತ್ತಿದ್ರೂ ಒಂದೇ ಅಂತ ಹಿಡಿಯೋ ನಿಯಮ ಇರುತ್ತೆ. ಅದರಲ್ಲಿ 10 ಮುಗಿಯೋಕೆ ಕಡಿಮೆ ಅಂದ್ರೂ ಮುಕ್ಕಾಲು ಗಂಟೆ ಬೇಕು, ಮಗು ಎಷ್ಟೇ ಕುಣಿದರೂ. ಅದನ್ನ 20 ನಿಮಿಷದ ಲೆಕ್ಕಕ್ಕೆ ಹೋಲಿಸಿದ್ರೆ ಸುಮ್ಮನೆ ಹೆದರಿಕೆ. ಸೆಟ್ಟಿಂಗ್‌ನಲ್ಲಿ ಆ ನಿಯಮ ತೆಗೆಯೋಕೆ ಬಂದರೆ ತೆಗೀರಿ, ಬರದಿದ್ರೆ ಆ್ಯಪನ್ನೇ ತೆಗೀರಿ. ಬಸುರಿ ನಡುವೆ ಆ್ಯಪ್ ಬದಲಾಯಿಸಿದರೂ ಹಳೇ ಸರಾಸರಿ ಮರೆತುಬಿಡಬೇಕು.

ತಾಯಂದಿರಿಗೆ ಕೊಡೋ ಮೊದಲು ನಿಮ್ಮ ಫೋನಲ್ಲೇ ಒಂದು ಪರೀಕ್ಷೆ ಮಾಡಿ. ಏರ್‌ಪ್ಲೇನ್ ಮೋಡ್ ಹಾಕಿ, ಗೋಡೆ ಗಡಿಯಾರ ನೋಡ್ಕೊಂಡು ಎಣಿಕೆ ಶುರು ಮಾಡಿ, ಮೂರು ಸಲ ಒತ್ತಿ, ಸ್ಕ್ರೀನ್ ಲಾಕ್ ಮಾಡಿ 15 ನಿಮಿಷ ಬಿಡಿ. ತೆಗೆದಾಗ ಆ್ಯಪ್‌ನ ಸಮಯ ಗೋಡೆ ಗಡಿಯಾರಕ್ಕೆ ಹೊಂದಬೇಕು. ಕಡಿಮೆ ಬೆಲೆಯ ಎಷ್ಟೋ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸೋಕೆ ಹಿಂದೆ ಓಡ್ತಿರೋ ಆ್ಯಪನ್ನ ಕೊಂದುಬಿಡ್ತವೆ. ಟೈಮರ್ ಅಲ್ಲೇ ನಿಂತಿರುತ್ತೆ ಇಲ್ಲ ಎಣಿಕೆಯೇ ಹೋಗಿರುತ್ತೆ. ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್, ಆ ಆ್ಯಪ್ ಹೆಸರು, ಬ್ಯಾಟರಿ, ಅಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಇಲ್ಲವೇ ಅದೇ ಅರ್ಥದ ಆಯ್ಕೆ ಮಾಡಿ. ಆಂಡ್ರಾಯ್ಡ್ 13 ಮತ್ತು ಮೇಲಿನದರಲ್ಲಿ ನೋಟಿಫಿಕೇಶನ್‌ಗೆ ಬೇರೆಯಾಗಿ ಅನುಮತಿ ಕೊಡಬೇಕು, ಇಲ್ಲದಿದ್ರೆ ನೆನಪಿನ ಗಂಟೆ ಹೊಡೆಯಲ್ಲ. ನೆಟ್ ಇಲ್ಲದೆ ತೆರೆಯದ, ಮೊದಲು ಲಾಗಿನ್ ಕೇಳೋ ಆ್ಯಪ್ ಕೊಡಗಿನ ಮಳೆಗಾಲಕ್ಕೆ ಲಾಯಕ್ಕಲ್ಲ. ಅಮೆರಿಕದ ಸ್ವಯಂಸೇವಾ ಸಂಸ್ಥೆಯೊಂದರ 'ಕೌಂಟ್ ದಿ ಕಿಕ್ಸ್' ಉಚಿತ. ಅದನ್ನಾದ್ರೂ ಈ ಪರೀಕ್ಷೆ ಮಾಡದೆ ಕೊಡಬೇಡಿ.

ಸರಾಸರಿ ಗೆರೆ ಬಗ್ಗೆ ಎಚ್ಚರ. ಎಷ್ಟೋ ಆ್ಯಪ್‌ಗಳು ಕಳೆದ ಏಳು ದಿನದ ಸರಾಸರಿಗೆ ಹೋಲಿಸಿ 'ಸಹಜ' ಅನ್ನುತ್ತವೆ. 20 ನಿಮಿಷ ಇದ್ದದ್ದು ದಿನಕ್ಕೆ ಐದೈದು ನಿಮಿಷ ಜಾರುತ್ತಾ 50ಕ್ಕೆ ಬಂದರೆ ಸರಾಸರಿಯೂ ಜೊತೆಗೇ ಜಾರುತ್ತೆ, ಎಚ್ಚರಿಕೆ ಬರೋದೇ ಇಲ್ಲ. ಹಾಗಾಗಿ ಮೊದಲ ವಾರದ ಅಂಕಿಯನ್ನ ತಾಯಿ ಕಾರ್ಡಿನ ಹಿಂದೆ ಬರೆಸಿ ಅದಕ್ಕೇ ಹೋಲಿಸಿ. ದೊಡ್ಡ ಮಗು ಆಟಕ್ಕೆ ಟಪಟಪ ಒತ್ತಿದ ಎಣಿಕೆಗಳನ್ನ ಅಳಿಸಿಬಿಡಬೇಕು, ಅವು ಸರಾಸರಿ ಕೆಡಿಸ್ತವೆ.

ಅನುಮತಿಗಳು: ಎಣಿಸೋಕೆ ಮೈಕ್, ಲೊಕೇಶನ್, ಕಾಂಟ್ಯಾಕ್ಟ್ ಯಾವುದೂ ಬೇಡ. ಕೇಳಿದರೆ ಕೊಡಬೇಡಿ. ಫೋನ್ 'ಕ್ಲೀನ್' ಮಾಡೋ ಭರದಲ್ಲಿ ಕ್ಲಿಯರ್ ಡೇಟಾ ಒತ್ತಿದ್ರೆ ಪೂರ್ತಿ ಹೋಗುತ್ತೆ, ವಾರಕ್ಕೊಂದು ಸ್ಕ್ರೀನ್‌ಶಾಟ್ ಸಾಕು.

---

ಆಶಾ_ಭಾಗಮಂಡಲ

ಫೋನ್ ಇಲ್ಲದವರಿಗೆ ಆ್ಯಪ್ ಯಾಕೆ ಅಕ್ಕ? ಒಂದು ತಟ್ಟೆಯಲ್ಲಿ 10 ಕಾಫಿ ಬೀಜ, ಪಕ್ಕದಲ್ಲಿ ಖಾಲಿ ಬಟ್ಟಲು. ಮಿಸುಕಾಡಿದಾಗೆಲ್ಲ ಒಂದು ಬೀಜ ಬಟ್ಟಲಿಗೆ. ಶುರುವಾದ ಹೊತ್ತು, ಮುಗಿದ ಹೊತ್ತು, ಅಷ್ಟು ಬರೆದರೆ ಆಯ್ತು. ಬರೆಯೋಕೆ ಬರದವರು ಗೋಡೆ ಕ್ಯಾಲೆಂಡರ್ ಮೇಲೆ ಗುರುತು ಹಾಕಲಿ: ಅರ್ಧ ಗಂಟೆ ಒಳಗೆ ಆದ್ರೆ ಒಂದು ಗೀಟು, ಗಂಟೆ ಒಳಗೆ ಆದ್ರೆ ಎರಡು, ಅದಕ್ಕೂ ಮೇಲಾದ್ರೆ ಕತ್ತರಿ ಗುರುತು ಹಾಕಿ ಕೂಡಲೇ ನಮಗೆ ಹೇಳೋದು. ಕತ್ತಲಲ್ಲಿ, ಕರೆಂಟ್ ಇಲ್ಲದಾಗ್ಲೂ ಕೈಗೆ ಬೀಜ ಸಿಗುತ್ತೆ.

ನಮ್ಮಲ್ಲಿ ಹೊತ್ತು ಆರಿಸೋದೇ ದೊಡ್ಡ ವಿಷಯ. ಆ್ಯಪ್‌ಗಳು ರಾತ್ರಿ ಮಲಗೋ ಮುಂಚೆ ಎಣಿಸಿ ಅಂತ ನೆನಪಿಸ್ತವೆ. ರಾತ್ರಿ ಹತ್ತಕ್ಕೆ ಕಡಿಮೆ ಅಂತ ಗೊತ್ತಾದ್ರೆ ತೋಟದ ದಾರಿಯಲ್ಲಿ ಆನೆ, ಮಳೆಗೆ ಮರ ಬಿದ್ದಿರುತ್ತೆ, ಸಂಗಮದಲ್ಲಿ ನೀರು ಏರಿ ರಸ್ತೆ ಬಂದ್ ಆಗಿರುತ್ತೆ, ಜೀಪು ಸಿಗಲ್ಲ. ಮನೆಯವರು 'ಬೆಳಿಗ್ಗೆ ನೋಡೋಣ' ಅಂದುಬಿಡ್ತಾರೆ. ಅದಕ್ಕೇ ಸಂಜೆ ನಾಲ್ಕರ ಕಾಫಿ ಆದ ಮೇಲೆ ಎಣಿಸೋಕೆ ಹೇಳಿ. ಆಗ ಕತ್ತಲಾಗೋ ಮುಂಚೆ ಹೊರಡೋಕೆ ಹೊತ್ತು ಉಳಿಯುತ್ತೆ. ಹಾಗಂತ ರಾತ್ರಿ ಕಡಿಮೆ ಆದ್ರೆ ಕಾಯಬೇಕು ಅಂತಲ್ಲ, ಯಾವ ಹೊತ್ತಾದ್ರೂ ಹೊರಡಲೇಬೇಕು.

ಪೂರ್ತಿ ನಿಂತಿದೆ ಅನ್ನಿಸಿದರೆ 2 ಗಂಟೆ ಎಣಿಸ್ತಾ ಕೂರೋದೂ ಬೇಡ, ಸೀದಾ 108. ರಕ್ತ ಹೋಗ್ತಿದ್ರೆ, ನೀರು ಹೋಗ್ತಿದ್ರೆ, ತಲೆನೋವು ಜೋರಾಗಿ ಕಣ್ಣು ಮಂಜಾದ್ರೆ ಎಣಿಕೆ ಮಾತೇ ಇಲ್ಲ. ಸ್ವಂತ ಸಿಮ್‌ಗೆ ರೇಂಜ್ ಇಲ್ಲದಿದ್ರೂ ಬೇರೆ ಕಂಪನಿ ಟವರ್ ಹತ್ತಿರ ಇದ್ದರೆ 112ಕ್ಕೆ ಕರೆ ಹೋಗುತ್ತೆ. ಲೈನ್ ಮನೆಯವರಿಗೆ ತೋಟದ ಲೆಕ್ಕ ನೋಡೋ ರೈಟರ್ ನಂಬರ್ ಮತ್ತು ಒಬ್ಬ ಜೀಪಿನವರ ನಂಬರ್ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಸಿ, ಫೋನಲ್ಲಿ ಮಾತ್ರ ಇದ್ದರೆ ಬ್ಯಾಟರಿ ಸತ್ತಾಗ ಇಲ್ಲ. ಇನ್ನು, ತಿಂಗಳ 9ನೇ ತಾರೀಖು ಮಾತೃತ್ವ ತಪಾಸಣೆ ಇದೆ, ಆವತ್ತು ಹೇಳಿದ್ರಾಯ್ತು ಅಂತ ಕೂರೋರು ಬಹಳ. ಅದನ್ನ ಬಿಡಿಸಬೇಕು.

---

ಉಪಕೇಂದ್ರ_ದಕ್ಷಿಣಕೊಡಗು

ಎಲ್ಲರಿಗೂ ಧನ್ಯವಾದ. ಕಾಫಿ ಬೀಜ ಮತ್ತು 'ನಿಮಿಷ ಬರೆಯೋದು', ಇವೆರಡನ್ನೇ ಹಿಡೀತೀನಿ. ಇನ್ನೆರಡು ಅನುಮಾನ. ಸ್ಕ್ಯಾನ್‌ನಲ್ಲಿ ಮಾಸು ಮುಂದುಗಡೆ ಇದೆ ಅಂತ ಬಂದವರು ಮತ್ತು ಅವಳಿ ಇರೋರು ಹೇಗೆ ಎಣಿಸೋದು? ಆಸ್ಪತ್ರೆಗೆ ಕಳಿಸಿದ ಮೇಲೆ ಅಲ್ಲಿ ಏನು ಮಾಡ್ತಾರೆ ಅಂತ ತಾಯಂದಿರು ಕೇಳ್ತಾರೆ, 'ಸುಮ್ಮನೆ ಬಂದೆ ಅಂತ ಬೈತಾರೆ' ಅನ್ನೋ ಹೆದರಿಕೆ ಅವರಿಗೆ.

---

ಪ್ರಸೂತಿ_ತಜ್ಞೆ_ಮಡಿಕೇರಿ

ಮಾಸು ಮುಂದುಗಡೆ ಇದ್ದರೆ ಮಗು ಮತ್ತು ಹೊಟ್ಟೆಯ ಗೋಡೆಯ ನಡುವೆ ಅದು ಬರುವುದರಿಂದ ಒದೆತ ಮಂದವಾಗಿ ತಿಳಿಯುತ್ತದೆ, ಮುಖ್ಯವಾಗಿ 28 ವಾರದೊಳಗೆ. ಅಂಥವರು ಪಕ್ಕೆ ಮತ್ತು ಕಿಬ್ಬೊಟ್ಟೆಯ ಕಡೆ ಗಮನ ಕೊಡಲಿ. ಅವರ ಸಹಜ ಸಮಯ 20ರ ಬದಲು 40 ನಿಮಿಷ ಇರಬಹುದು, ಹೋಲಿಕೆ ಆ 40ಕ್ಕೇ. ಆದರೆ ಇದ್ದದ್ದು ಕಡಿಮೆಯಾದರೆ 'ಮಾಸು ಮುಂದಿದೆಯಲ್ಲ' ಎಂಬ ಸಮಾಧಾನ ಬೇಡ. ಅವಳಿಯಲ್ಲಿ ಯಾವ ಒದೆತ ಯಾರದು ಎಂದು ನಂಬಿಕೆಯಿಂದ ಹೇಳಲಾಗದು, ಆ್ಯಪ್‌ನಲ್ಲಿ ಎರಡು ಬಟನ್ ಇದ್ದರೂ ಅಷ್ಟೇ. ಬಲಗಡೆ, ಎಡಗಡೆ, ಮೇಲೆ, ಕೆಳಗೆ ಎಲ್ಲೆಲ್ಲಿ ದಿನಾ ತಿಳಿಯುತ್ತಿತ್ತೋ ಅದರಲ್ಲಿ ಒಂದು ಕಡೆ ಸದ್ದಿಲ್ಲವೆಂದರೆ ಬರಲಿ. ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ನಂತರ ಒಂದೆರಡು ದಿನ ಮಿಸುಕಾಟ ಕಡಿಮೆಯಾಗುವುದುಂಟು. ಆದರೂ ಕಾರಣ ಅದೇ ಎಂದು ಮನೆಯಲ್ಲಿ ತೀರ್ಮಾನಿಸುವಂತಿಲ್ಲ.

ಬಂದ ಮೇಲೆ ಏನಾಗುತ್ತದೆ ಎಂದರೆ: ಮೊದಲು ಡಾಪ್ಲರ್‌ನಲ್ಲಿ ಬಡಿತ, ಜೊತೆಗೇ ತಾಯಿಯ ನಾಡಿ ಹಿಡಿದು ಎರಡೂ ಬೇರೆ ಎಂದು ಖಚಿತಪಡಿಸುವುದು. ಬಿಪಿ, ಮೂತ್ರದಲ್ಲಿ ಪ್ರೋಟೀನ್, ಟೇಪಿನಿಂದ ಹೊಟ್ಟೆಯ ಎತ್ತರ. ಆಮೇಲೆ ಎನ್‌ಎಸ್‌ಟಿ: ಹೊಟ್ಟೆಗೆ ಎರಡು ಬೆಲ್ಟು ಕಟ್ಟಿ 20 ನಿಮಿಷ ಕಾಗದದ ಮೇಲೆ ಬಡಿತದ ಗೆರೆ ತೆಗೆಯುವುದು, ಮಗು ನಿದ್ದೆಯಲ್ಲಿದ್ದರೆ 40 ನಿಮಿಷ. ನೋವಿಲ್ಲ, ಸೂಜಿಯಿಲ್ಲ. ಅನುಮಾನ ಉಳಿದರೆ, ಅಥವಾ ಬಿಪಿ, ಸಕ್ಕರೆ, ಬೆಳವಣಿಗೆ ಕಡಿಮೆಯಂಥ ತೊಂದರೆ ಇದ್ದರೆ ಸ್ಕ್ಯಾನ್ ಮಾಡಿ ನೀರಿನ ಪ್ರಮಾಣ, ಬೆಳವಣಿಗೆ, ರಕ್ತದ ಹರಿವು ನೋಡುತ್ತೇವೆ. ಹೆಚ್ಚಿನವರು ಎಲ್ಲ ಸರಿಯಿದ್ದು ಅದೇ ದಿನ ಮನೆಗೆ ಹೋಗುತ್ತಾರೆ. ಎರಡನೇ ಸಲ ಕಡಿಮೆಯಾದರೆ ಮತ್ತೆ ಬರಬೇಕು, ಮೊನ್ನೆ ತಾನೇ ಸರಿಯಿತ್ತು ಎಂದು ತಡೆಯಬಾರದು. ಮತ್ತೆ ಮತ್ತೆ ಕಡಿಮೆಯಾಗುವುದನ್ನು ನಾವು ಹೆಚ್ಚು ಗಂಭೀರವಾಗಿಯೇ ನೋಡುತ್ತೇವೆ.

---

ಹೆರಿಗೆವಾರ್ಡ್_ಸಿಸ್ಟರ್

ಬೈಯೋ ಮಾತಿಗೆ: ಕಳಿಸುವಾಗ ನಿಮ್ಮ ಕೈಬರಹದಲ್ಲೇ ಎರಡು ಸಾಲು ಚೀಟಿ ಕೊಡಿ ಮೇಡಂ. 'ಮಿಸುಕಾಟ ಕಡಿಮೆ, ಇಷ್ಟು ಗಂಟೆಯಿಂದ, ಸಾಮಾನ್ಯವಾಗಿ 10ಕ್ಕೆ ಇಷ್ಟು ನಿಮಿಷ, ಇವತ್ತು ಇಷ್ಟು.' ತಾಯಿ ಕಾರ್ಡು, ಕೊನೇ ಸ್ಕ್ಯಾನ್ ರಿಪೋರ್ಟು ಜೊತೆಗಿರಲಿ. ಆ್ಯಪ್‌ನ ಗ್ರಾಫು ನೋಡೋಕೆ ವಾರ್ಡಿನಲ್ಲಿ ಯಾರಿಗೂ ಪುರುಸೊತ್ತಿರಲ್ಲ, ಫೋನಿನ ಲಾಕ್ ತೆಗೆದು ಹುಡುಕೋದರಲ್ಲೇ ಹೊತ್ತು ಹೋಗುತ್ತೆ. ಆ ಎರಡು ಸಾಲು ನೋಡಿದ ಕೂಡಲೇ ನೇರ ಎನ್‌ಎಸ್‌ಟಿಗೆ ಕೂರಿಸ್ತೀವಿ.